ಮಣಿಕಟ್ಟಿನ ನರಕ್ಕೆ ಕರೆಂಟ್ ಕೊಟ್ಟರೆ ತಮ್ಮನಿಗೆ ಪ್ರಜ್ಞೆ ಬರುತ್ತದೆಯೇ?

ತಮ್ಮನ_ಅಕ್ಕ:
ಬೈಕ್ ಅಪಘಾತವಾಗಿ ಮೂರು ತಿಂಗಳಾಯಿತು. ತಮ್ಮ ಕಣ್ಣು ಬಿಡುತ್ತಾನೆ, ಆಕಳಿಸುತ್ತಾನೆ, ರಾತ್ರಿ ನಿದ್ದೆ ಮಾಡುತ್ತಾನೆ. ಕರೆದರೆ ಮಾತ್ರ ಗೋಡೆಗೆ ಹೇಳಿದ ಹಾಗೆ. ಫೈಲಿನಲ್ಲಿ 'ವೆಜಿಟೇಟಿವ್ ಸ್ಟೇಟ್' ಎಂದಿದೆ. (ಅದನ್ನು ಓದಿದ ದಿನ ಊಟ ಸೇರಲಿಲ್ಲ. ಅವನೇನು ತರಕಾರಿಯೇ?) ಒಬ್ಬರು ಬಲಗೈ ಮಣಿಕಟ್ಟಿಗೆ ಕರೆಂಟ್ ಕೊಡುವ ಯಂತ್ರ ಕೊಳ್ಳಿ ಅಂತಾರೆ, ಇನ್ನೊಬ್ಬರು ಕುತ್ತಿಗೆಯ ನರಕ್ಕೆ ಆಪರೇಷನ್ ಅಂತಾರೆ. ಅಮ್ಮ ಎರಡೂ ಮಾಡಿಸೋಣ ಅಂತಾಳೆ. ಗೊತ್ತಿದ್ದವರು ಹೇಳಿ. ಯಂತ್ರ ಮಾರುವವರು ದಯವಿಟ್ಟು ದೂರವಿರಿ.

ವಾರ್ಡಿನ_ಫಿಸಿಯೋ:
ತರಕಾರಿ ಅಲ್ಲ ತಾಯಿ. ಅದಕ್ಕೇ 2010ರಿಂದ ಹಲವರು ಆ ಹೆಸರು ಬಿಟ್ಟು 'ಪ್ರತಿಕ್ರಿಯೆಯಿಲ್ಲದ ಎಚ್ಚರ' ಎನ್ನುತ್ತಾರೆ.

ಎರಡೂ ಗಾಳಿಮಾತಲ್ಲ. ಮಣಿಕಟ್ಟಿನದು ಮೀಡಿಯನ್ ನರ. ಅದರ ಸಂದೇಶ ಮಿದುಳಿನ ಕಾಂಡ ದಾಟಿ, ಮಿದುಳಿನ ನಡುವೆ ಸಂದೇಶಗಳನ್ನು ಮುಂದಕ್ಕೆ ಕಳಿಸುವ ಥಾಲಮಸ್ ಮುಟ್ಟುತ್ತದೆ, ನಮ್ಮನ್ನು ಎಚ್ಚರವಿಡುವ ಜಾಲವೂ ಆ ದಾರಿಯಲ್ಲೇ ಇದೆ. ಚರ್ಮದ ಮೇಲೆ ಪ್ಯಾಡ್ ಅಂಟಿಸಿ, ಹೆಬ್ಬೆರಳು ಅದುರುವಷ್ಟು ಕರೆಂಟನ್ನು ದಿನವೂ ಗಂಟೆಗಟ್ಟಲೆ ಕೊಡುತ್ತಾರೆ. ಆದರೆ ಪ್ರಯೋಗಗಳು ಹೆಚ್ಚಾಗಿ ನಡೆದದ್ದು ಪೆಟ್ಟಾದ ಮೊದಲ ವಾರಗಳಲ್ಲಿ, ಕೋಮಾದಲ್ಲಿದ್ದವರ ಮೇಲೆ. ನಿಮ್ಮ ತಮ್ಮ ಆ ಹಂತ ದಾಟಿದ್ದಾನೆ.

ಕುತ್ತಿಗೆಯದು ವೇಗಸ್ ನರ. ಅದಕ್ಕೂ ಕರೆಂಟೇ, ಆದರೆ ಕೊಡುವ ಸಾಧನವನ್ನು ಆಪರೇಷನ್ ಮಾಡಿ ಒಳಗೆ ಕೂರಿಸುತ್ತಾರೆ. 2017ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ, 15 ವರ್ಷ ಇದೇ ಸ್ಥಿತಿಯಲ್ಲಿದ್ದ 35ರ ಒಬ್ಬಾತನಿಗೆ ಇದನ್ನು ಮಾಡಿದರು. ತಿಂಗಳಲ್ಲಿ ವಸ್ತುವಿನ ಹಿಂದೆ ಕಣ್ಣು ಓಡಿಸಿದ, ಹೇಳಿದರೆ ತಲೆ ತಿರುಗಿಸಿದ. ಸುದ್ದಿಯವರು 'ಎಚ್ಚೆತ್ತ' ಎಂದರು. ಎದ್ದು ಮಾತಾಡಿದ ಅಂದುಕೊಳ್ಳಬೇಡಿ, 'ಕನಿಷ್ಠ ಪ್ರಜ್ಞೆ'ಗೆ (ಪ್ರಜ್ಞೆಯ ಕುರುಹು ಆಗೊಮ್ಮೆ ಈಗೊಮ್ಮೆ ಕಾಣುವ ಸ್ಥಿತಿ) ಏರಿದ, ಅಷ್ಟೆ. ಅದೂ ಒಬ್ಬನೇ ರೋಗಿ.

ಯಂತ್ರಕ್ಕೆ ಮೊದಲು ಸಿಆರ್‌ಎಸ್-ಆರ್ ಪರೀಕ್ಷೆ ಮಾಡಿಸಿ. ರೋಗಿ ಶಬ್ದಕ್ಕೆ, ನೋಟಕ್ಕೆ, ಮಾತಿಗೆ ಹೇಗೆ ಸ್ಪಂದಿಸುತ್ತಾನೆ ಎಂದು ನೋಡಿ ಅಂಕ ಕೊಡುವುದು ಅದು, ಒಟ್ಟು 23 ಅಂಕ. 2009ರ ಒಂದು ಅಧ್ಯಯನದಲ್ಲಿ, ವೈದ್ಯರ ತಂಡ ವೆಜಿಟೇಟಿವ್ ಎಂದಿದ್ದವರಲ್ಲಿ 41% ಜನರಿಗೆ ಪ್ರಜ್ಞೆಯ ಕುರುಹು ಇದ್ದದ್ದು ಈ ಪರೀಕ್ಷೆಯಿಂದ ಗೊತ್ತಾಯಿತು. ಒಮ್ಮೆ ಮಾಡಿ ಬಿಡಬಾರದು, ಎರಡು ವಾರದೊಳಗೆ ಐದು ಸಲವಾದರೂ ಆಗಬೇಕು. ಇಂಥ ರೋಗಿಗಳು ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಇಂದು ಎಷ್ಟು ಅಂಕ ಎಂದು ತಿಳಿಯದೆ ಕರೆಂಟ್ ಕೊಟ್ಟರೆ, ಏರಿತೋ ಇಲ್ಲವೋ ಹೇಳುವವರು ಯಾರು? ಆ ಪರೀಕ್ಷೆಯಲ್ಲಿ ಕನ್ನಡಿಯೂ ಬರುತ್ತದೆ. ಬೇರೆ ಯಾವುದಕ್ಕೂ ತಿರುಗದ ಕಣ್ಣು ತನ್ನದೇ ಮುಖದ ಹಿಂದೆ ಹೋಗುವುದುಂಟು. ಮನೆಯವರೂ ಹಿಡಿದು ನೋಡಬಹುದು.

ಡ್ಯೂಟಿ_ಮುಗಿದವ:
ಅಮಾಂಟಡೀನ್ ಎಂಬ ಮಾತ್ರೆಯ ಬಗ್ಗೆ ಕೇಳಿದ್ದೀರಾ? 2012ರಲ್ಲಿ ತಲೆಗೆ ಪೆಟ್ಟಾದ 184 ಜನರ ಪ್ರಯೋಗ, ಗಾಯವಾಗಿ 4ರಿಂದ 16 ವಾರದವರು. ನಾಲ್ಕು ವಾರದ ಔಷಧದಲ್ಲಿ ಚೇತರಿಕೆ ಚುರುಕಾಯಿತು, ನಿಲ್ಲಿಸಿದ ಮೇಲೆ ಆ ಮುನ್ನಡೆ ಕುಗ್ಗಿತು. ನಿಮ್ಮ ತಮ್ಮ ಆ ಅವಧಿಯೊಳಗೇ ಇದ್ದಾನೆ, ತಡಮಾಡಬೇಡಿ. ಫಿಟ್ಸ್ ಬಂದಿದ್ದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ, ಮಾತ್ರೆಗೂ ಕರೆಂಟಿಗೂ.

ತಮ್ಮನ_ಅಕ್ಕ:
ಫಿಟ್ಸ್ ಒಮ್ಮೆ ಬಂದಿತ್ತು, ಮೊದಲ ವಾರದಲ್ಲಿ. ನಾಳೆ ಹೇಳುತ್ತೇನೆ. ಸಂಜೆ ಕನ್ನಡಿ ಹಿಡಿದೆ. ಎಡಕ್ಕೆ ಒಯ್ದಾಗ ಕಣ್ಣು ಜೊತೆಗೆ ಬಂದ ಹಾಗಾಯಿತು, ಬಲಕ್ಕೆ ಬರಲಿಲ್ಲ. ಎರಡನೇ ಸಲ ಯಾವ ಕಡೆಗೂ ಬರಲಿಲ್ಲ. ಹೊತ್ತು ಸಮೇತ ಬರೆದಿಟ್ಟಿದ್ದೇನೆ. ಯಂತ್ರದವರಿಗೆ ಸದ್ಯ ಬೇಡ ಎಂದೆ. ಅಮ್ಮ ಮಾತ್ರ ಇನ್ನೂ ಕನ್ನಡಿ ಹಿಡಿದೇ ಕೂತಿದ್ದಾಳೆ.