ಬಿಪಿ ಮಾತ್ರೆಯ ‘ಮಂಕು’: ಮಂಪರೋ, ಬೇಜಾರೋ, ಇನ್ನೊಂದೋ?

ಶಿಡ್ಲಘಟ್ಟದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಬಿಪಿ ಮಾತ್ರೆ ಒಯ್ಯುವವರಿಗೆ ಕೊಡಲು ಕನ್ನಡದಲ್ಲಿ ಒಂದು ಚೀಟಿ ಬರೆಯುತ್ತಿದ್ದೇನೆ. ‘ಮಂಕು’ ಎನ್ನುವ ಪದ ಹಾಕಬಹುದೇ ಅಂತ ಕೇಳಬೇಕಿತ್ತು.

ಗಿರಾಕಿಗಳಿಗೆ ಎಲ್ಲದಕ್ಕೂ ಅದೊಂದೇ ಪದ. ರೇಷ್ಮೆ ಗೂಡು ಕೊಂಡು ನೂಲು ತೆಗೆಯುವ ರೀಲರ್ ಒಬ್ಬರು “ಹರಾಜಲ್ಲಿ ಲೆಕ್ಕ ಹೊಳೆಯಲ್ಲ, ಮಂಕು ಕವಿದಂಗೆ” ಅಂದರು. ಹುಳ ಸಾಕುವ ಅಕ್ಕನೊಬ್ಬಳು “ಸೊಪ್ಪು ಹಾಕೋಕೂ ಮನಸ್ಸಿಲ್ಲಣ್ಣ, ಮಂಕಾಗಿಬಿಟ್ಟಿದೀನಿ” ಎಂದಳು. ಅಜ್ಜ ತಟ್ಟೆ ಮುಂದೆಯೇ ತೂಕಡಿಸಿದರೂ ಮಂಕೇ.

ಕ್ಲೋನಿಡಿನ್, ಮೀಥೈಲ್‌ಡೋಪಾ ಮಿದುಳಿನ ಮೇಲೇ ಕೆಲಸ ಮಾಡುವ ಮಾತ್ರೆಗಳು, ತೂಕಡಿಕೆ ತರುತ್ತವೆ. ಪ್ರೊಪ್ರಾನೊಲಾಲ್ ಕೊಬ್ಬಿನಲ್ಲಿ ಕರಗುವುದರಿಂದ ಮಿದುಳಿಗೆ ಸಲೀಸಾಗಿ ಇಳಿಯುತ್ತದೆ. ಕೆಲವರಿಗೆ ಸುಸ್ತು, ಕಣ್ಣಿಗೆ ಕಟ್ಟಿದಂಥ ಕನಸು. ಅಟೆನೊಲಾಲ್ ಅಷ್ಟಾಗಿ ಒಳಗೆ ಹೋಗುವುದಿಲ್ಲ. ಬೇಜಾರಿನ ಮಾತು ಬಂದರೆ ನೆನಪಾಗುವುದು ರಿಸರ್ಪಿನ್ ಅನ್ನುವ ಹಳೇ ಬಿಪಿ ಮಾತ್ರೆ. ನಮ್ಮ ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ್ದು. ಅದನ್ನು ತಿಂದವರಿಗೆ ಖಿನ್ನತೆ ಬಂತೆಂದು ಆ ದಶಕದಲ್ಲೇ ವೈದ್ಯರು ಬರೆದಿದ್ದರು. ಪ್ರೊಪ್ರಾನೊಲಾಲ್, ಅಟೆನೊಲಾಲ್ ಥರದ ಬೀಟಾ ಬ್ಲಾಕರ್‌ಗಳಿಗೂ ಆ ಅಪವಾದ ಅಂಟಿದೆ. ಆದರೆ ಈಚಿನ ಅಧ್ಯಯನಗಳಲ್ಲಿ ಸುಸ್ತು, ನಿದ್ದೆ ಕೆಡುವುದು ಕಂಡಷ್ಟು ಖಿನ್ನತೆ ಕಂಡಿಲ್ಲ. ಸುಸ್ತನ್ನೇ ಜನ ಬೇಜಾರು ಅಂದಿರಬೇಕು ಅಂತ ನನ್ನ ಗುಮಾನಿ.

ನನಗೆ ಭಯ ಇರುವುದು ಇನ್ನೊಂದರ ಬಗ್ಗೆ. ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆಯಿಂದ ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಅನ್ನುವ ಉಪ್ಪಿನಂಶ ಇಳಿಯಬಹುದು. ತೀರಾ ಇಳಿದರೆ ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ, ಹೊತ್ತು ಗೊತ್ತು ತಿಳಿಯುವುದಿಲ್ಲ. ಅವತ್ತೇ ಡಾಕ್ಟರಿಗೆ ತೋರಿಸಬೇಕು. ಮನೆಯವರು “ವಯಸ್ಸಾಯ್ತಲ್ಲ, ಮಂಕು” ಅಂತ ಸುಮ್ನಿದ್ದುಬಿಡುತ್ತಾರೆ.

ಇನ್ನೊಂದು ತೊಡಕು. ಇಲ್ಲಿ ತೆಲುಗು ಮನೆಮಾತಿನವರು ಬೇಕಾದಷ್ಟು. ಅವರಿಗೆ ‘ಮಂಕುಪಟ್ಟು’ ಅಂದರೆ ಹಠ. ಬಿಪಿ ಮಾತ್ರೆ ತಿಂದರೆ ಹಠಮಾರಿ ಆಗ್ತಾರಂತೆ ಅಂದುಕೊಂಡರೆ ಕಷ್ಟ ಅಲ್ವಾ! ‘ಮತ್ತು’ ಎರಡೂ ಭಾಷೆಗೆ ಹೊಂದುತ್ತದೆ, ಆದರೆ ಸಾರಾಯಿ ವಾಸನೆ ಹೊಡೆಯುತ್ತದೆ.

ಸದ್ಯಕ್ಕೆ ನಿದ್ದೆಯದಕ್ಕೆ ‘ಮಂಪರು’, ಮನಸ್ಸಿನದಕ್ಕೆ ‘ಯಾವುದಕ್ಕೂ ಮನಸ್ಸು ಬಾರದಿರುವುದು’ ಎಂದು ಬರೆದಿದ್ದೇನೆ. ಸೋಡಿಯಂನದಕ್ಕೆ ‘ಗೊಂದಲ’ ಸಪ್ಪೆ. ಯಾವ ಬಸ್ಸು ಹತ್ತಬೇಕು ಅನ್ನುವುದೂ ಗೊಂದಲವೇ. ‘ಭ್ರಮೆ’ ಅಂದರೆ ಇಲ್ಲದ್ದು ಕಂಡಂತಾಯಿತು. ‘ಗುರುತು ತಪ್ಪುವುದು’ ನಡೆಯುತ್ತದೆಯೇ? ತುಮಕೂರು, ಕೋಲಾರದ ಕಡೆ ಇದಕ್ಕೆ ಏನಂತೀರಿ?

ಚೀಟಿಯಲ್ಲಿ ಒಂದು ಸಾಲು ಮಾತ್ರ ಬದಲಾಗುವುದಿಲ್ಲ: ಏನೇ ಅನಿಸಿದರೂ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಕ್ಲೋನಿಡಿನ್ ದಿಢೀರನೆ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಮೇಲಕ್ಕೆ ಎಗರಬಹುದು.