ಹಳೇ ಎಲೆಕ್ಟ್ರಿಕ್ ಕಾರಿಗೆ ರೀಕಂಡೀಶನ್ ಬ್ಯಾಟರಿ ಹಾಕಿಸಬಹುದಾ?

ನೆಲಮಂಗಲ_ನಾಗ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2017ರ ಚಿಕ್ಕ ಎಲೆಕ್ಟ್ರಿಕ್ ಕಾರು ಇದೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಂಪನಿ ಹೆಸರು ಬೇಡ, ಕಾರಿಗೆ ವಯಸ್ಸಾಗಿದೆ ಅಷ್ಟೇ. ತಗೊಂಡಾಗ ಫುಲ್ ಚಾರ್ಜಿಗೆ 85 ಕಿ.ಮೀ. ಓಡುತ್ತಿತ್ತು, ನೆಲಮಂಗಲದಿಂದ ಮೆಜೆಸ್ಟಿಕ್‌ಗೆ ಹೋಗಿ ಬಂದರೂ ಚಿಂತೆ ಇರಲಿಲ್ಲ. ಈಗ ವಾಪಸ್ ಬರುವಾಗ ಜಾಲಹಳ್ಳಿ ಕ್ರಾಸ್ ದಾಟುವಷ್ಟರಲ್ಲಿ ಎದೆ ಢವಢವ. ಮೊನ್ನೆ 28 ಪರ್ಸೆಂಟ್ ತೋರಿಸುತ್ತಿದ್ದದ್ದು ಪೀಣ್ಯ ಫ್ಲೈಓವರ್ ಹತ್ತುವಾಗ ಒಂದೇ ಸಲ 9ಕ್ಕೆ ಬಿತ್ತು, ಪಿಕಪ್ಪೇ ಹೋಯಿತು, ಹಿಂದಿನ ಲಾರಿಯವನು ಹಾರ್ನ್ ಹೊಡೆದೇ ಹೊಡೆದ. ಮೇಲೆ ಸಮ ರಸ್ತೆಗೆ ಬಂದ ಸ್ವಲ್ಪ ಹೊತ್ತಿಗೆ ಮತ್ತೆ 17 ಅಂತ ತೋರಿಸಿತು! ಇದೇನು ಮಾಯೆ?

ಹೊಸ ಬ್ಯಾಟರಿ ಪ್ಯಾಕ್‌ಗೆ ಹೇಳುವ ರೇಟು ನಾನು ಕಾರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ. ಒಂದು ಗ್ಯಾರೇಜಿನವರು 1.4 ಲಕ್ಷಕ್ಕೆ ರೀಕಂಡೀಶನ್ ಪ್ಯಾಕ್ (ಹಳೇ ಸೆಲ್‌ಗಳನ್ನೇ ಆರಿಸಿ ಮತ್ತೆ ಕಟ್ಟಿದ್ದು) ಹಾಕಿಕೊಡುತ್ತೇವೆ, ಹಳೇದು ನಮಗೇ ಬಿಡಬೇಕು, ಆರು ತಿಂಗಳು ವಾರಂಟಿ ಅನ್ನುತ್ತಿದ್ದಾರೆ. ಹಾಕಿಸಲಾ? ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಇರುವ ಗಾಡಿ.

ಸುಮ್ನೆ_ಒಬ್ಬ:
ಮಾರಿಬಿಡಿ ಗುರು. ಎಂಟು ವರ್ಷದ ಕಾರಿಗೆ ಒಂದೂವರೆ ಲಕ್ಷ ಸುರಿಯುವುದು ಹೋಮದ ತುಪ್ಪ ಇದ್ದ ಹಾಗೆ. ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಬೇರೆ ತಗೊಳ್ಳಿ.

ದಾವಣಗೆರೆ_ಪ್ಯಾಕ್‌ವಾಲಾ:
ಮಾರುವುದು ಆಮೇಲೆ. ನಾಗಣ್ಣ, ಆ 28, 9, 17ರ ಆಟದಲ್ಲೇ ಅರ್ಧ ಉತ್ತರ ಇದೆ. ಇಡೀ ಬ್ಯಾಟರಿ ಸಮವಾಗಿ ಸವೆದಿದ್ದರೆ ಓಡುವ ದೂರ ನಿಧಾನಕ್ಕೆ ಕಮ್ಮಿ ಆಗುತ್ತದೆ, ಹೀಗೆ ಧುಮುಕುವುದಿಲ್ಲ. ಸೆಲ್‌ಗಳು ಒಂದರ ಹಿಂದೆ ಒಂದು ಸರಣಿಯಲ್ಲಿ ಇರುತ್ತವೆ ಅಲ್ವಾ, ಅದರಲ್ಲಿ ಒಂದು ಬಡಕಲಾದರೂ ಪ್ಯಾಕ್ ಅದರ ಲೆಕ್ಕಕ್ಕೇ ಓಡುವುದು. ಏರು ಬಂದಾಗ ಕರೆಂಟ್ ಜಾಸ್ತಿ ಎಳೆಯುತ್ತದೆ, ಬಡಕಲು ಸೆಲ್‌ನ ವೋಲ್ಟೇಜ್ ಕುಸಿಯುತ್ತದೆ, ಬಿಎಂಎಸ್ (ಬ್ಯಾಟರಿ ಕಾಯುವ ಎಲೆಕ್ಟ್ರಾನಿಕ್ ಬೋರ್ಡು) ಹೆದರಿ ಪವರ್ ಕಟ್ ಮಾಡುತ್ತದೆ. ಎಳೆತ ನಿಂತ ಮೇಲೆ ಸೆಲ್ ಉಸಿರು ತಗೊಳ್ಳುತ್ತದೆ, ನಂಬರ್ ಏರುತ್ತದೆ.

ಇನ್ನೊಂದು ವಿಷಯ. ಈ ಫಾಸ್ಫೇಟ್ ಸೆಲ್ 3.2 ವೋಲ್ಟ್ ಆಸುಪಾಸಲ್ಲೇ ಬಹಳ ಹೊತ್ತು ಕೂತಿರುತ್ತದೆ. 70 ಪರ್ಸೆಂಟ್ ಇದೆಯೋ 40 ಇದೆಯೋ ಅಂತ ವೋಲ್ಟೇಜ್ ನೋಡಿ ಹೇಳುವುದು ಕಷ್ಟ. ಅದಕ್ಕೇ ಇದನ್ನು ಆಗಾಗ 100ರವರೆಗೆ ತುಂಬಿಸಿ ಹಾಗೇ ಪ್ಲಗ್‌ನಲ್ಲಿ ಬಿಡಬೇಕು. ಆಗಲೇ ಸೆಲ್‌ಗಳು ಸಮ ಆಗುವುದು, ಲೆಕ್ಕವೂ ಸರಿ ಆಗುವುದು. ನೀವು 80ಕ್ಕೇ ನಿಲ್ಲಿಸುವ ಪೈಕಿಯಾ? ಆ ಬುದ್ಧಿವಾದ ನಿಕಲ್ ಇರುವ ಬ್ಯಾಟರಿಗಳಿಗೆ ಸರಿ. ಮೊದಲು ಒಂದು ವಾರ ರಾತ್ರಿಯೆಲ್ಲ ಚಾರ್ಜಿಗೆ ಹಾಕಿ. ಆಮೇಲೆ ಸೆಲ್ ಸೆಲ್‌ನ ವೋಲ್ಟೇಜ್ ತೋರಿಸುವ ಡಾಂಗಲ್ ಹಾಕಿಕೊಂಡು ಅದೇ ಫ್ಲೈಓವರ್ ಹತ್ತಿ. ನೀವು ಓಡಿಸುತ್ತಾ ನೋಡಬೇಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ.

ಹುಬ್ಬಳ್ಳಿ_ಹಳೇಗಾಡಿ:
ನಾನು ಹಾಕಿಸಿ ಕೈ ಸುಟ್ಟುಕೊಂಡವನು. ಗ್ಯಾರೇಜ್ ಹೆಸರು ಹೇಳಲ್ಲ. ಕಾರು ತಂದ ಮೊದಲ ತಿಂಗಳು ಸ್ವರ್ಗ, ನಾಲ್ಕನೇ ತಿಂಗಳಿಗೆ ಮೊದಲಿಗಿಂತ ಕಡೆ. ಬಿಚ್ಚಿಸಿ ನೋಡಿದರೆ ಸೆಲ್‌ಗಳ ಮೇಲಿನ ಸ್ಟಿಕ್ಕರ್ ಮೂರು ಬಣ್ಣ, ಒಂದಿಷ್ಟರ ಮೇಲೆ ಮಾರ್ಕರ್‌ನಲ್ಲಿ ಬರೆದ ನಂಬರ್ ಒರೆಸಿದ ಗುರುತು. ಎರಡು ಸೆಲ್ ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ಬೇರೆ ಬೇರೆ ವಯಸ್ಸಿನ ಸೆಲ್ ಕೂಡಿಸಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಕಥೆಯೇ. ಹಳೇ ಪ್ಯಾಕ್ ಕೇಳಿದರೆ "ಅದು ಹೋಯ್ತು ಸಾರ್" ಅಂದರು. ನನ್ನದರಲ್ಲಿ ಕೆಟ್ಟಿದ್ದು ಬಹುಶಃ ಎರಡೋ ಮೂರೋ ಸೆಲ್, ಉಳಿದ ಒಳ್ಳೇದೆಲ್ಲ ಇನ್ಯಾರದೋ ಕಾರಿಗೆ ಹೋಗಿರುತ್ತದೆ. ಹಳೇದನ್ನು ಪರೀಕ್ಷೆ ಮಾಡಿಸದೆ ಬಿಟ್ಟುಕೊಡಬೇಡಿ.

ಆಕ್ಲೆಂಡ್_ಗೌಡ:
ನ್ಯೂಜಿಲೆಂಡಿನಿಂದ. ಇಲ್ಲಿ ಜಪಾನಿನಿಂದ ಬಂದ ಹಳೇ ನಿಸಾನ್ ಲೀಫ್ ಎಲೆಕ್ಟ್ರಿಕ್ ಕಾರುಗಳು ರಾಶಿ ಇವೆ. ಕೊಳ್ಳುವವರು ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳುವ ಮೊದಲು ಬ್ಯಾಟರಿಯ ಆರೋಗ್ಯ ಎಷ್ಟು ಪರ್ಸೆಂಟ್ ಅಂತ ಕೇಳುತ್ತಾರೆ. ಲೀಫ್‌ನ ಬ್ಯಾಟರಿಗೆ ನೀರಿನ ಕೂಲಿಂಗ್ ಇಲ್ಲ. 2012ರಲ್ಲೇ ಅಮೆರಿಕದ ಅರಿಜೋನಾ ಬಿಸಿಲಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ 12 ಗೆರೆಗಳು ಒಂದೊಂದೇ ಮಾಯವಾಗಿ ದೊಡ್ಡ ಗಲಾಟೆ ಆಯಿತು. ಆಮೇಲೆ ಕಂಪನಿ ಅಲ್ಲಿ ಐದು ವರ್ಷ ಅಥವಾ 60,000 ಮೈಲಿಯೊಳಗೆ 9 ಗೆರೆಗಿಂತ ಕೆಳಗೆ ಹೋದರೆ ನಾವು ನೋಡಿಕೊಳ್ಳುತ್ತೇವೆ ಅಂತ ವಾರಂಟಿ ಕೊಟ್ಟಿತು. ಬಳ್ಳಾರಿ ರಾಯಚೂರಿನವರು ಮಧ್ಯಾಹ್ನ ಬಿಸಿಲಲ್ಲಿ ಫುಲ್ ಚಾರ್ಜ್ ಮಾಡಿ ನಿಲ್ಲಿಸುವ ಮೊದಲು ಇದನ್ನು ನೆನೆಸಿಕೊಳ್ಳಿ.

ಆ ಗೆರೆ ನಂಬಿ ಕೊಳ್ಳಲೂಬೇಡಿ. ಬಿಎಂಎಸ್ ರೀಸೆಟ್ ಮಾಡಿ 12 ಗೆರೆ ತೋರಿಸಿ ಮಾರುವ ಚಾಲಾಕಿಗಳು ಇದ್ದಾರೆ. ಓಡಿಸುತ್ತಾ ಹೋದರೆ ಬಣ್ಣ ಬಯಲಾಗುತ್ತದೆ, ಅಷ್ಟರಲ್ಲಿ ಅವನು ದುಡ್ಡು ಎಣಿಸಿಕೊಂಡಿರುತ್ತಾನೆ.

ಆದರೆ ರೀಕಂಡೀಶನ್ ಅಂದರೆ ಎಲ್ಲ ಮೋಸ ಅಂತಲೂ ಅಲ್ಲ. ನಿಸಾನ್ ಮತ್ತು ಸುಮಿಟೋಮೊ ಕೂಡಿ ಮಾಡಿದ 4ಆರ್ ಎನರ್ಜಿ ಅನ್ನುವ ಕಂಪನಿ 2018ರಲ್ಲಿ ಫುಕುಶಿಮಾದ ನಮಿಯೆ ಊರಲ್ಲಿ ಇದಕ್ಕೇ ಕಾರ್ಖಾನೆ ತೆರೆಯಿತು. ಒಂದು ಪ್ಯಾಕ್‌ನಲ್ಲಿ 48 ಮಾಡ್ಯೂಲ್ (ಸೆಲ್‌ಗಳ ಚಿಕ್ಕ ಕಟ್ಟು), ಅಷ್ಟನ್ನೂ ಅಳೆಯುತ್ತಾರೆ. ಚೆನ್ನಾಗಿರುವುದನ್ನು ಆರಿಸಿ ಮತ್ತೆ ಕಾರಿನ ಪ್ಯಾಕ್ ಕಟ್ಟುತ್ತಾರೆ, ಸುಸ್ತಾದವು ಫೋರ್ಕ್‌ಲಿಫ್ಟ್ ಥರದ ಕೆಲಸಕ್ಕೆ. ಜಪಾನಿನಲ್ಲಿ ಆಗ ಹೊಸ 24 ಕಿಲೋವ್ಯಾಟ್ ಅವರ್ ಪ್ಯಾಕ್‌ಗೆ 6.5 ಲಕ್ಷ ಯೆನ್, ಹೀಗೆ ಕಟ್ಟಿದ್ದಕ್ಕೆ 3 ಲಕ್ಷ ಯೆನ್. ಅಲ್ಲಿ ಬೆಲೆ ಬಂದದ್ದು ಆ ಅಳತೆ ಮಾಡಿ ಆರಿಸುವ ಕೆಲಸಕ್ಕೆ.

ನೆಲಮಂಗಲ_ನಾಗ:
ವರದಿ ಒಪ್ಪಿಸುತ್ತಿದ್ದೇನೆ. ಹೌದು, 80ಕ್ಕೇ ನಿಲ್ಲಿಸುತ್ತಿದ್ದೆ, ಯಾವುದೋ ವಿಡಿಯೊ ನೋಡಿ! ಆರು ರಾತ್ರಿ ಫುಲ್ ಚಾರ್ಜಿಗೆ ಬಿಟ್ಟೆ. ಈಗ 68 ಕಿ.ಮೀ. ಬರುತ್ತಿದೆ. ಡಾಂಗಲ್ ಹಾಕಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿದೆ. ಅವಳು ಫೋನ್ ಹಿಡಿದು ಕ್ರಿಕೆಟ್ ಕಾಮೆಂಟರಿ ಥರ ನಂಬರ್ ಓದುತ್ತಿದ್ದಳು. ಸಮ ರಸ್ತೆಯಲ್ಲಿ ಎಲ್ಲವೂ 3.2ರ ಆಸುಪಾಸು. ಫ್ಲೈಓವರ್ ಹತ್ತುವಾಗ ಮಿಕ್ಕವು 3.1 ಇದ್ದರೆ ಏಳನೇದು 2.74, ಹನ್ನೊಂದನೇದು 2.81. "ಏಳು ಔಟ್, ಹನ್ನೊಂದು ಔಟ್" ಅಂತ ಕೂಗಿದಳು.

ದಾವಣಗೆರೆ_ಪ್ಯಾಕ್‌ವಾಲಾ:
ಅಕ್ಕಾವ್ರಿಗೆ ನಮ್ಮ ಅಂಗಡೀಲಿ ಕೆಲಸ ಖಾಲಿ ಇದೆ ಅಂತ ಹೇಳಿ. ಹಾಗಾದರೆ ಇಡೀ ಪ್ಯಾಕ್ ಬೇಡ, ಸದ್ಯಕ್ಕೆ ಆ ಎರಡು ನೋಡಿದರೆ ಸಾಕು. ಮೊದಲು ಅವುಗಳ ಬೋಲ್ಟ್ ಸಡಿಲ ಇದೆಯಾ, ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ, ಅಂದರೆ ಬಸ್‌ಬಾರ್, ಕಪ್ಪಾಗಿದೆಯಾ ನೋಡಿಸಿ, ಎಷ್ಟೋ ಸಲ ಕಾಯಿಲೆ ಅಲ್ಲೇ ಇರುತ್ತದೆ. ಸೆಲ್ಲೇ ಹೋಗಿದ್ದರೆ ಹೊಚ್ಚ ಹೊಸದು ಹಾಕಿಸಬೇಡಿ, ಮಿಕ್ಕವುಗಳಷ್ಟೇ ಶಕ್ತಿ ಉಳಿದಿರುವ ಹಳೇ ಸೆಲ್ ಕೇಳಿ. ಎಷ್ಟು ಉಳಿದಿದೆ ಅಂತ ಬಾಯಿಮಾತು ಬೇಡ. 100 ಆಂಪಿಯರ್ ಅವರ್ ಅಂತ ಬರೆದ ಸೆಲ್ ತುಂಬಿಸಿ 33 ಆಂಪಿಯರ್‌ನಲ್ಲಿ ಖಾಲಿ ಮಾಡಿದರೆ ಮೂರು ಗಂಟೆ ಬರಬೇಕು. ಎರಡು ಗಂಟೆ 25 ನಿಮಿಷಕ್ಕೆ ಮುಗಿದರೆ 80 ಪರ್ಸೆಂಟ್ ಉಳಿದಿದೆ ಅಂತ ಅರ್ಥ. ಪರೀಕ್ಷೆ ಮಾಡಿದವನ ಹತ್ತಿರ ಹೀಗೆ ಒಂದೊಂದು ಸೆಲ್ ಅಳೆದ ಪಟ್ಟಿ ಇದ್ದೇ ಇರುತ್ತದೆ.

ಮನೇಲಿ ನೀವೇ ಬಿಚ್ಚಲು ಹೋಗಬೇಡಿ. ಪ್ಯಾಕ್‌ನ ಸರಣಿ ತುಂಡರಿಸುವ ಸರ್ವಿಸ್ ಪ್ಲಗ್ ಕಿತ್ತರೂ ಒಳಗಿನ ಸೆಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ, ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ಮುಗೀತು. ಬ್ಯಾಟರಿ ಮುಟ್ಟಿಸುವ ಮೊದಲು ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಮತ್ತೆ 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಈ ರೀಕಂಡೀಶನ್ ಕೆಲಸ ಮಾಡುವವರು ನೋಂದಣಿ ಮಾಡಿಸಿರಬೇಕು, ಅದನ್ನೂ ಕೇಳಿ.

ನೆಲಮಂಗಲ_ನಾಗ:
ಆ 1.4 ಲಕ್ಷದವರಿಗೆ ಫೋನ್ ಮಾಡಿ ಪಟ್ಟಿ ಕೊಡಿ ಅಂದೆ. "ಎಲ್ಲಾ ಚೆಕ್ ಮಾಡಿದ್ದೀವಿ ಸಾರ್, ನಂಬಿಕೆ ಇಡಿ" ಅಂದರು. ಇನ್ನೊಮ್ಮೆ ಕೇಳಿದ್ದಕ್ಕೆ ಲೈನ್ ಕಟ್. ತುಮಕೂರಿನಲ್ಲಿ ಇನ್ನೊಬ್ಬರು ಬಿಚ್ಚಿ ನೋಡಿ, ನನ್ನ ಎದುರಿಗೇ ಅಳೆದು ಕೊಡುತ್ತೇನೆ ಅಂದಿದ್ದಾರೆ. ಶನಿವಾರ ಹೋಗುತ್ತಿದ್ದೇನೆ, ಹೆಂಡತಿಯೂ ಬರುತ್ತಾಳಂತೆ.