ಅಪ್ಪಯ್ಯನಿಗೆ ಅಮೈಲೇಸ್ 168, ಆದರೆ ಹೊಟ್ಟೆನೋವೇ ಇಲ್ಲ

ತೀರ್ಥಹಳ್ಳಿ ಕಡೆಯವ:
ಅಪ್ಪಯ್ಯನಿಗೆ 61 ವರ್ಷ. ಊಟ ಸೇರುತ್ತಿಲ್ಲ ಅಂತ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ರಕ್ತ ಕೊಟ್ಟು ಬಂದೆವು. ಸೀರಮ್ ಅಮೈಲೇಸ್ 168 ಬಂದಿದೆ, ಪಕ್ಕದಲ್ಲಿ 30ರಿಂದ 110 ಅಂತ ಇದೆ. ನೆಂಟರೊಬ್ಬರು ನೋಡಿ ಮೇದೋಜೀರಕ ಗ್ರಂಥಿ ಹೋಯ್ತು ಅಂದುಬಿಟ್ಟರು, ಅಮ್ಮ ಎರಡು ದಿನದಿಂದ ನಿದ್ದೆ ಮಾಡಿಲ್ಲ. ಹೊಟ್ಟೆನೋವಿಲ್ಲ, ವಾಂತಿಯಿಲ್ಲ, ಕುಡಿಯೋದಂತೂ ಇಲ್ಲವೇ ಇಲ್ಲ. ಡಾಕ್ಟರ್ ಸಿಗೋದು ಸೋಮವಾರ. ಹೆದರಬೇಕಾ?

ಲ್ಯಾಬ್ ಟೆಕ್ನಿಷಿಯನ್:
ನೆಂಟರ ಮಾತು ಬಿಡಿ. ಅಮೈಲೇಸ್ ಅಂದರೆ ಪಿಷ್ಟ ಜೀರ್ಣಿಸುವ ಕಿಣ್ವ, ಮೇದೋಜೀರಕದಲ್ಲಿ ಮಾತ್ರವಲ್ಲ ಜೊಲ್ಲಿನಲ್ಲೂ ಇರುತ್ತದೆ, ಅನ್ನ ತುಂಬಾ ಹೊತ್ತು ಅಗಿದರೆ ಬಾಯಿ ಸಿಹಿಯಾಗುತ್ತದಲ್ಲ, ಅದು ಇದರದ್ದೇ ಕೆಲಸ. ಮೇದೋಜೀರಕದ ಊತ ಅನ್ನಬೇಕಾದರೆ ಸಾಮಾನ್ಯವಾಗಿ ಮೂರರಲ್ಲಿ ಎರಡು ಇರಬೇಕು: ಅದಕ್ಕೆ ತಕ್ಕ ಹೊಟ್ಟೆನೋವು, ಮೇಲಿನ ಮಿತಿಯ ಮೂರು ಪಟ್ಟು ದಾಟಿದ ಅಮೈಲೇಸ್ ಅಥವಾ ಲೈಪೇಸ್ (ಕೊಬ್ಬು ಜೀರ್ಣಿಸುವ ಮೇದೋಜೀರಕದ ಕಿಣ್ವ), ಸ್ಕ್ಯಾನ್‌ನಲ್ಲಿ ಗುರುತು. ನಿಮ್ಮ ಲ್ಯಾಬಿನ ಲೆಕ್ಕದಲ್ಲಿ ಮೂರು ಪಟ್ಟು ಅಂದರೆ 330. ಲೈಪೇಸ್, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಎಷ್ಟಿದೆ ನೋಡಿ, ಕಿಡ್ನಿ ಸರಿಯಾಗಿ ಸೋಸದಿದ್ದರೂ ಅಮೈಲೇಸ್ ರಕ್ತದಲ್ಲೇ ಉಳಿಯುತ್ತದೆ. ಕೆಲವರಲ್ಲಿ ಅದು ಬೇರೆ ಪ್ರೋಟೀನಿಗೆ ಅಂಟಿಕೊಂಡು ದಪ್ಪವಾಗಿ ಮೂತ್ರದಲ್ಲಿ ಹೋಗೋದೇ ಇಲ್ಲ. ಕಾಯಿಲೆ ಏನೂ ಇರೋದಿಲ್ಲ, ಸುಮ್ನೆ ನಂಬರ್ ಮಾತ್ರ ಜಾಸ್ತಿ.

ಸಾಗರದವ:
ನಂಬರ್ ಕಡಿಮೆ ಅಂತ ಹಾಯಾಗಿ ಕೂರಬೇಡಿ ಮಾರಾಯ್ರೆ. ನನಗೆ ಪಿತ್ತಕೋಶದ ಕಲ್ಲಿನಿಂದ ಮೇದೋಜೀರಕ ಊದಿತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದ ನೋವು ಬೆನ್ನಿಗೆ ಹೊಡೆಯುತ್ತಿತ್ತು, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಸಮಾಧಾನ. ಗ್ಯಾಸ್ ಅಂತ ಕಷಾಯ ಕುಡಿದು ಐದನೇ ದಿನ ಆಸ್ಪತ್ರೆಗೆ ಹೋದರೆ ಅಮೈಲೇಸ್ ನಾರ್ಮಲ್! ಅದು ಮೂರರಿಂದ ಐದು ದಿನದಲ್ಲಿ ಇಳಿದುಬಿಡುತ್ತದಂತೆ, ಲೈಪೇಸ್ ಒಂದು ವಾರ ದಾಟಿದರೂ ಇರುತ್ತದೆ. ಅದರಿಂದಲೇ ಗೊತ್ತಾಗಿದ್ದು. ಅಂಥ ನೋವು ಬಂದರೆ ಸೋಮವಾರದವರೆಗೆ ಕಾಯಬೇಡಿ.

ಹೊಸನಗರದ ನರ್ಸಕ್ಕ:
ಕೆನ್ನೆ, ದವಡೆ ಮುಟ್ಟಿ ನೋಡಿದ್ದೀರಾ? ಮಂಗನಬಾವಿನಲ್ಲೂ ಅಮೈಲೇಸ್ ಏರುತ್ತದೆ. (ಮಂಗನ ಕಾಯಿಲೆ ಅಲ್ಲ, ಅದು ಉಣುಗು ಕಚ್ಚಿ ಬರೋದು. ನಮ್ಮ ಕಡೆ ಎರಡನ್ನೂ ಕಲಸಿಬಿಡುತ್ತಾರೆ.) ಜೊಲ್ಲಿನ ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಹೀಗಾಗಬಹುದು. ಊಟಕ್ಕೆ ಕೂತಾಗಲೇ ಊದಿಕೊಳ್ಳುತ್ತದಾ ಗಮನಿಸಿ.

ತೀರ್ಥಹಳ್ಳಿ ಕಡೆಯವ:
ಅಕ್ಕಾ, ಇವತ್ತು ಮಧ್ಯಾಹ್ನ ಎದುರಿಗೇ ಕೂತು ನೋಡಿದೆ. ಅಪ್ಪೆಮಿಡಿ ಉಪ್ಪಿನಕಾಯಿ ನಾಲಿಗೆಗೆ ತಾಗಿದ್ದೇ ಬಲಗಡೆ ದವಡೆ ಒತ್ತಿ ಹಿಡಿದರು. ಮುಟ್ಟಿದರೆ ಕೆಳಗೆ ಅಡಿಕೆಯಷ್ಟು ಗಂಟು, ಅರ್ಧ ಗಂಟೆಯಲ್ಲಿ ಇಳಿದೇ ಹೋಯಿತು. ಲೈಪೇಸ್, ಕ್ರಿಯಾಟಿನಿನ್ ಎರಡೂ ಮಿತಿಯೊಳಗೇ ಇವೆ. ಸೋಮವಾರ ಡಾಕ್ಟರಿಗೆ ಇದನ್ನೇ ಮೊದಲು ಹೇಳುತ್ತೇನೆ. ಇಷ್ಟು ದಿನ ಹಲ್ಲುನೋವು ಅಂದುಕೊಂಡು ಯಾರಿಗೂ ಹೇಳದೆ ಲವಂಗ ಇಟ್ಟುಕೊಳ್ಳುತ್ತಿದ್ದರಂತೆ.